ಉಳಿದ ಮನೆ, ಉರುಳಿದ ಮನೆಗಳು

1

2011ನೇ ಇಸವಿಯಲ್ಲಿ ನಮ್ಮ ರಾಜ್ಯದ ಎರಡು ಊರುಗಳಲ್ಲಿ ಮನೆ ಕೆಡವುವ ಕೆಲಸ ಶುರುವಾಯಿತು. ಒಂದು ಹಂಪಿಯ ಬಜಾರಿನಲ್ಲಿ. ಇನ್ನೊಂದು ಮೈಸೂರಿನ ಯಾದವಗಿರಿಯಲ್ಲಿ, ಇಂಗ್ಲಿಷ್ ಕಾದಂಬರಿಕಾರ ಆರ್. ಕೆ. ನಾರಾಯಣ್ ಬಾಳಿದ ಮನೆಯಲ್ಲಿ. ಹಂಪಿಯಲ್ಲಿ ಮುನ್ನೂರಕ್ಕೂ ಹೆಚ್ಚು ಕುಟುಂಬಗಳ ಮನೆ, ಅಂಗಡಿ ನೆಲಕ್ಕುರುಳಿದವು. ಯಾದವಗಿರಿಯಲ್ಲಿ ಕೆಡವುವ ಕೆಲಸ ಅರ್ಧಕ್ಕೇ ನಿಂತು ಮನೆ ಉಳಿಯಿತು. ಆಮೇಲೆ ಸಾರ್ವಜನಿಕರ ದುಡ್ಡಿನಲ್ಲಿ ರಿಪೇರಿಯಾಗಿ ಮ್ಯೂಸಿಯಂ ಆಯಿತು. ಎರಡೂ ಕಡೆ ಕಾರಣವಾಗಿ ಹೇಳಿದ ಮಾತು ಒಂದೇ: ಪರಂಪರೆ ಉಳಿಯಬೇಕು.

ಒಂದೇ ಮಾತು ಒಂದು ಕಡೆ ಮನೆ ಉಳಿಸಿತು, ಇನ್ನೊಂದು ಕಡೆ ಮನೆ ಉರುಳಿಸಿತು. ಇದು ಹ್ಯಾಂಗಾಯ್ತು ಅಂತ ಕೇಳುವುದು ಈ ಬರಹದ ಕೆಲಸ.

ಮಣ್ಣೂರಿನಂಥ ಭೀಮಾ ದಂಡೆಯ ಊರಿನಲ್ಲಿ ಕೂತು ಮೈಸೂರಿನ ಮನೆಯ ಉಸಾಬರಿ ನಿಮಗ್ಯಾಕ ಎಂದು ಗೆಳೆಯರು ಕೇಳಬಹುದು. ನಮಗೆ ಬೇಕು. ಶಹರಗಳ ಅಪಾರ್ಟ್‌ಮೆಂಟುಗಳಿಗೆ ಬುನಾದಿ ತೋಡಿದವರು, ಬುಟ್ಟಿ ಹೊತ್ತವರು, ಗಿಲಾಯಿ ಮಾಡಿದವರಲ್ಲಿ ನಮ್ಮ ಕಡೆಯ ಮಂದಿ ಇದ್ದಾರೆ. ಅಫಜಲಪುರ, ಆಳಂದ, ಜೇವರ್ಗಿಯ ಹಳ್ಳಿಗಳಿಂದ ಗಂಟುಮೂಟೆ ಕಟ್ಟಿ ಮುಂಬಯಿಗೆ, ಪುಣೆಗೆ, ಬೆಂಗಳೂರಿಗೆ ಗುಳೆ ಹೋಗುವವರು ಕಟ್ಟಡ ಏಳುವ ತನಕ ಅದರ ಮಗ್ಗಲಿನ ತಗಡಿನ ಶೆಡ್ಡಿನಲ್ಲಿ ಇರುತ್ತಾರೆ. ಕಟ್ಟಡ ಮುಗಿದ ದಿನ ಅವರ ಶೆಡ್ಡು ಕೀಳುತ್ತಾರೆ. ಒಳಗಿನ ಮನೆಗೆ ಬಣ್ಣ ಬಳಿದ ಕೈಗೆ ಗೇಟಿನ ಕಾವಲುಗಾರ 'ಯಾರು ಬೇಕು?' ಅಂತಾನೆ. ಇಂಥವರ ಮನೆಯಿಂದ ಬಂದ ನಾವು, ಇಂಥವರ ದುಡಿಮೆಯಿಂದ ಮೊದಲ ಸಲ ಕಾಲೇಜಿನ ಮೆಟ್ಟಿಲು ಹತ್ತಿದ ನಾವು, ಕಟ್ಟುವುದರ ಬಗ್ಗೆ ಮಾತಾಡದೆ ಇನ್ಯಾರು ಮಾತಾಡಬೇಕು?

2

ಮೊದಲು ಯಾದವಗಿರಿಯ ಸಂಗತಿ. ನಾರಾಯಣ್ ಅಲ್ಲಿ ಮನೆ ಕಟ್ಟಿಸಿ 1950ರ ದಶಕದಿಂದ 1990ರ ಹೊತ್ತಿನವರೆಗೆ ಬಾಳಿದರು. ಎರಡಂತಸ್ತಿನ ಮನೆ, ಮೇಲಂತಸ್ತಿನಲ್ಲಿ ಸುತ್ತ ಕಿಟಕಿಗಳಿರುವ ಬರೆಯುವ ಕೋಣೆ, ಸುತ್ತ ಜಾಗ, ಗಿಡಮರ. ಮುಪ್ಪಿನಲ್ಲಿ ಅವರು ಮದರಾಸಿಗೆ ಹೋದರು. 2001ರಲ್ಲಿ ಅಲ್ಲೇ ತೀರಿಕೊಂಡರು. ಮೈಸೂರಿನ ಮನೆ ಖಾಲಿ ಬಿತ್ತು. 2011ರಲ್ಲಿ ಅದನ್ನು ಕೆಡವಿ ಅಪಾರ್ಟ್‌ಮೆಂಟ್ ಎಬ್ಬಿಸುವ ತಯಾರಿ ನಡೆದು, ಕೆಡವಲಿಕ್ಕೆ ಕೈ ಹಚ್ಚಿಯೂ ಆಗಿತ್ತು. ಸುದ್ದಿ ಪತ್ರಿಕೆಗಳಲ್ಲಿ ಬಂತು, ಮೈಸೂರಿನ ನಾಗರಿಕರು ದನಿ ಎತ್ತಿದರು, ಅಧಿಕಾರಿಗಳು ಕೆಲಸ ನಿಲ್ಲಿಸಿದರು. ಮುಂದೆ ಎರಡು ಕೋಟಿ ರೂಪಾಯಿಗೂ ಹೆಚ್ಚು ಕೊಟ್ಟು ಮನೆಯನ್ನು ಸಾರ್ವಜನಿಕ ಸ್ವತ್ತು ಮಾಡಿಕೊಂಡರು. 2016ರ ಜುಲೈನಲ್ಲಿ ಮ್ಯೂಸಿಯಂ ಬಾಗಿಲು ತೆರೆಯಿತು.

ಇಂಥ ಮನೆಯ ಮೇಲೆ ಬಿಲ್ಡರುಗಳ ಕಣ್ಣು ಯಾಕೆ ಬೀಳುತ್ತದೆ ಎಂಬುದನ್ನು ಹಳ್ಳಿಯ ಗೆಳೆಯರು ತಿಳಿಯಬೇಕು. ಶಹರದಲ್ಲಿ ಒಂದು ಸೈಟಿನ ಅಳತೆಯ ಎಷ್ಟು ಪಟ್ಟು ಕಟ್ಟಡ ಎಬ್ಬಿಸಬಹುದು ಅಂತ ನಗರ ಯೋಜನೆಯ ನಿಯಮ ಇರುತ್ತದೆ. ದೊಡ್ಡ ಜಾಗದ ನಡುವಿನ ಹಳೆಯ ಮನೆ ಆ ಅವಕಾಶವನ್ನು ಪೂರ್ತಿ ಬಳಸಿರುವುದಿಲ್ಲ. ಗಿಡ ನಿಂತ ಜಾಗ, ಮಾಳಿಗೆಯ ಮೇಲಿನ ಬಯಲು, ಇವೆಲ್ಲ ಬಿಲ್ಡರಿನ ಲೆಕ್ಕದಲ್ಲಿ ಇನ್ನೂ ಮಾರದೆ ಉಳಿದ ಮಾಲು. ಮನೆಗೆ ಬೆಲೆ ಇರುವುದಿಲ್ಲ, ಮನೆಯ ಕೆಳಗಿನ ಮಣ್ಣಿಗೆ, ಮೇಲಿನ ಗಾಳಿಗೆ ಬೆಲೆ. ಹಳೆಯ ಗೋಡೆ ಆ ಬೆಲೆಗೆ ಅಡ್ಡ ನಿಂತಿರುತ್ತದೆ, ಅಷ್ಟೇ.

ಈ ವ್ಯಾಪಾರಕ್ಕೆ ಒಂದು ಚಂದದ ಮಾತಿನ ಅಂಗಿ ತೊಡಿಸುತ್ತಾರೆ: 'ಶಹರ ಬೆಳೀಲಿಕತ್ತದ, ಮಂದಿಗೆ ಮನೆ ಬೇಕು, ಒಬ್ಬರಿದ್ದ ಜಾಗದಲ್ಲಿ ಇಪ್ಪತ್ತು ಸಂಸಾರ ಇರಲಿ.' ಕೇಳಲು ಸಮಾಜವಾದದಂತೆ ಕೇಳುತ್ತದೆ. ಆ ಇಪ್ಪತ್ತು ಸಂಸಾರ ಯಾರವು? ಪೌರಕಾರ್ಮಿಕರವೇ? ಮನೆಗೆಲಸದ ಹೆಣ್ಣುಮಕ್ಕಳವೇ? ಆ ಕಟ್ಟಡದ ಗಾರೆ ಕೆಲಸದವರವೇ? ಯಾದವಗಿರಿಯಂಥ ಬಡಾವಣೆಯ ಫ್ಲಾಟಿನ ಬೆಲೆ ಕೇಳುವ ಧೈರ್ಯವೂ ಇವರಿಗಿಲ್ಲ. ಮನೆಯಿಲ್ಲದವರ ಹೆಸರು ಹೇಳಿ ಮನೆ ಇದ್ದವರಿಗೆ ಇನ್ನೊಂದು ಮನೆ ಮಾರುವ ಕಲೆ ಇದು. ಆದ್ದರಿಂದ ಆ ಅಪಾರ್ಟ್‌ಮೆಂಟ್ ನಿಂತದ್ದು ಒಳ್ಳೆಯದೇ ಆಯಿತು ಎಂದು ನಾವು ನೇರವಾಗಿ ಹೇಳುತ್ತೇವೆ. ಬ್ರಾಹ್ಮಣ ಲೇಖಕನ ಬಂಗಲೆ ಬಿದ್ದರೆ ನಮಗೇನು ಎಂಬ ಮಾತು ನಮ್ಮ ಗೆಳೆಯರಲ್ಲೂ ಕೇಳಿಬರುತ್ತದೆ. ಆ ಮಾತು ನಮಗೆ ಒಪ್ಪಿಗೆಯಿಲ್ಲ. ಆ ಮನೆ ಬಿದ್ದ ಜಾಗದಲ್ಲಿ ಏಳುತ್ತಿದ್ದುದು ನಮ್ಮ ಮನೆಯಲ್ಲ.

3

ಮನೆ ಉಳಿಸುವುದಕ್ಕೆ ವಿರೋಧ ಬಂದದ್ದು ಇನ್ನೊಂದು ದಿಕ್ಕಿನಿಂದ. ನಾರಾಯಣ್ ಕನ್ನಡದಲ್ಲಿ ಬರೆದವರಲ್ಲ, ಅವರ ಮನೆಗೆ ಕನ್ನಡಿಗರ ತೆರಿಗೆ ಹಣ ಯಾಕೆ ಎಂದು ಕೆಲವು ಕನ್ನಡ ಲೇಖಕರು ಹೇಳಿಕೆ ಕೊಟ್ಟರು. ಕನ್ನಡದ ಲೇಖಕರ ಮನೆಗಳು ಪಾಳು ಬಿದ್ದಿರುವಾಗ ಎಂಬ ಮಾತೂ ಅದರ ಜೊತೆಗಿತ್ತು. ಆ ಎರಡನೆಯ ಮಾತಿನಲ್ಲಿ ಹುರುಳಿದೆ. ಮೊದಲನೆಯದನ್ನು ನಾವು ಒಪ್ಪಲಾರೆವು.

ಇದೇ ಮೈಸೂರಿನಲ್ಲಿ 1973ರ ನವೆಂಬರಿನಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಎಂದರು. ಅಷ್ಟಕ್ಕೇ ಊರೂರಲ್ಲಿ ಗಲಭೆ ಎದ್ದಿತು. ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು. ಬಸವಲಿಂಗಪ್ಪನವರ ಮಂತ್ರಿ ಪದವಿ ಹೋಯಿತು. ಆ ಗಲಭೆಯ ಒಡಲಿನಿಂದಲೇ ದಲಿತ ಚಳವಳಿ ಈ ನಾಡಿನಲ್ಲಿ ಎದ್ದು ನಿಂತಿತು. ಭಾಷೆಯ ಹೆಸರಿನಲ್ಲಿ ಯಾರ ತಲೆ ಒಡೆಯುತ್ತದೆ ಎಂಬುದನ್ನು ಅಂದು ಕಂಡ ಚಳವಳಿಯ ಮಕ್ಕಳು ನಾವು. ಒಬ್ಬ ಲೇಖಕನನ್ನು ಅಳೆಯಲು 'ಯಾವ ಭಾಷೆಯಲ್ಲಿ ಬರೆದ' ಎಂಬ ಕೋಲು ನಮಗೆ ಸಾಲದು. ಕನ್ನಡದಲ್ಲೇ ಬರೆದು ನಮ್ಮನ್ನು ಬಾಗಿಲಾಚೆ ನಿಲ್ಲಿಸಿದವರು ಎಷ್ಟು ಮಂದಿಯಿಲ್ಲ? ಅಂಬೇಡ್ಕರ್ ಅವರ ದೊಡ್ಡ ಗ್ರಂಥಗಳು ಇಂಗ್ಲಿಷಿನಲ್ಲಿವೆ, ಅವು ನಮ್ಮವಲ್ಲವೇ?

ನಾವು ಕೇಳಬೇಕಾದದ್ದು ಬೇರೆ. ಈ ಲೇಖಕ ಮನೆಗಳ ಬಗ್ಗೆ ಏನು ಬರೆದಿದ್ದಾರೆ? ಅವರು ಕಟ್ಟಿದ ಮಾಲ್ಗುಡಿ ಎಂಬ ಊರಿನಲ್ಲಿ ನಮಗೆ ಇರಲಿಕ್ಕೆ ಜಾಗ ಅದ ಏನು?

4

ಮಾಲ್ಗುಡಿ ನಮ್ಮ ಬಹುಜನರಿಗೆ ಗೊತ್ತಾದದ್ದು ಪುಸ್ತಕದಿಂದಲ್ಲ, ಶಂಕರ್ ನಾಗ್ ಆಗುಂಬೆಯಲ್ಲಿ ಚಿತ್ರಿಸಿದ ದೂರದರ್ಶನದ ಧಾರಾವಾಹಿಯಿಂದ. ಕಂಬದ ಪಡಸಾಲೆ, ಹೆಂಚಿನ ಮಾಡು, ಮಳೆ, ಪೋರರ ಆಟ. ಎಲ್ಲ ಹಿತವಾಗಿದೆ. ಈ ಹಿತದಿಂದಲೇ ಮಾಲ್ಗುಡಿ ಎಂದರೆ ಜಗಳವಿಲ್ಲದ ಊರು ಎಂಬ ಭ್ರಮೆ ಹುಟ್ಟಿದೆ. ಪುಸ್ತಕಗಳಲ್ಲಿರುವ ಊರು ಅಷ್ಟು ಹಿತವಾದದ್ದಲ್ಲ. ಅಲ್ಲಿ ಮನೆಯ ಕಷ್ಟ ಬಹಳ ಇದೆ.

1945ರ 'ದಿ ಇಂಗ್ಲಿಷ್ ಟೀಚರ್' ನೋಡಿ. ಹೊಸ ಬಡಾವಣೆಯಲ್ಲಿ ಸ್ವಂತ ಮನೆ ಮಾಡಬೇಕೆಂದು ಗಂಡ ಹೆಂಡತಿ ಮನೆ ನೋಡಲು ಹೋಗುತ್ತಾರೆ. ಹಿತ್ತಲಿನ ಹೊಲಸು ಕಕ್ಕಸಿನಲ್ಲಿ ಹೆಂಡತಿ ಸಿಕ್ಕಿಬಿದ್ದು ಅಸಹ್ಯಪಟ್ಟು ಹೊರಬರುತ್ತಾಳೆ. ಅಲ್ಲಿಂದ ಜ್ವರ ಹತ್ತಿ ಸಾಯುತ್ತಾಳೆ. ನಾರಾಯಣ್ ಅವರ ಹೆಂಡತಿಯೂ 1939ರಲ್ಲಿ ವಿಷಮಶೀತ ಜ್ವರದಿಂದ ತೀರಿಕೊಂಡರು. ಸ್ವಂತ ಮನೆಯ ಕನಸಿನ ಹಿತ್ತಲಿನಲ್ಲೇ ಸಾವು ಕಾದಿದೆ ಎಂದು ಬರೆಯಲು ಲೇಖಕನಿಗೆ ಕಣ್ಣು ಬೇಕು. ಅದು ಅವರಿಗಿತ್ತು. ಆದರೆ ನಾವು ಓದುವಾಗ ಇನ್ನೊಂದು ಪ್ರಶ್ನೆ ಬರುತ್ತದೆ. ಆ ಕಕ್ಕಸು ಒಂದು ಸಲ ಹೊಕ್ಕು ಬಂದವಳು ಸತ್ತಳು. ಅಂಥ ಕಕ್ಕಸುಗಳನ್ನು ದಿನಾ ಬಳಿಯುವವರ ಮನೆ ಎಲ್ಲಿತ್ತು? ಅವರ ಹೆಂಡಿರು ಮಕ್ಕಳಿಗೆ ಯಾವ ಜ್ವರ ಬಂದಿತ್ತು? ಕಾದಂಬರಿ ದುಃಖದ ಜೊತೆ ಒಳಕೋಣೆಗೆ ಹೋಗುತ್ತದೆ, ಹಿತ್ತಲ ಬಾಗಿಲಾಚೆ ನೋಡುವುದಿಲ್ಲ.

1949ರ 'ಮಿಸ್ಟರ್ ಸಂಪತ್' ಇನ್ನೂ ನೇರವಾಗಿ ನಮ್ಮ ವಿಷಯಕ್ಕೆ ಬರುತ್ತದೆ. ಪತ್ರಿಕೆ ನಡೆಸಲು ಊರಿಗೆ ಬಂದ ಶ್ರೀನಿವಾಸ ಆ್ಯಂಡರ್ಸನ್ ಲೇನಿನ ಒಂದು ಮನೆಯಲ್ಲಿ ಬಾಡಿಗೆಗೆ ಸೇರುತ್ತಾನೆ. ದೊಡ್ಡ ಹಳೆಯ ಮನೆಯನ್ನು ತುಂಡು ತುಂಡು ಮಾಡಿ ಹಲವು ಸಂಸಾರಗಳಿಗೆ ಕೊಟ್ಟ ಮುದುಕ ಮಾಲೀಕ. ಎಲ್ಲರಿಗೂ ಸೇರಿ ನೀರಿಗೆ ಒಂದೇ ನಲ್ಲಿ. ಮಾಲೀಕನ ಮಾತು ಸನ್ಯಾಸಿಯದು, ಲೆಕ್ಕ ಬಾಡಿಗೆಯದು. ಹಳೆಯ ಮನೆಯೊಳಗೆ ಇಕ್ಕಟ್ಟಾಗಿ ಮಂದಿ ತುಂಬಿ ದುಡ್ಡು ಮಾಡುವ ವಿದ್ಯೆ ಇಂದಿನ ಬಿಲ್ಡರು ಕಂಡುಹಿಡಿದದ್ದಲ್ಲ ಎಂಬುದಕ್ಕೆ ಈ ಮುದುಕನೇ ಸಾಕ್ಷಿ. ನಾರಾಯಣ್ ಅವನನ್ನು ಬೈಯುವುದಿಲ್ಲ, ನಗುತ್ತಾರೆ. ಆ ನಗೆಯಲ್ಲಿ ಶೋಷಣೆಯ ಗುರುತಿದೆ, ಸಿಟ್ಟಿಲ್ಲ. ಸಿಟ್ಟು ಬೇಕಾದವರು ನಲ್ಲಿಯ ಮುಂದೆ ಕೊಡ ಹಿಡಿದು ನಿಂತವರು. ಅವರಿಗೆ ಕಾದಂಬರಿಯಲ್ಲಿ ಗೊಣಗಾಟದಷ್ಟೇ ಮಾತು.

ಮೂರನೆಯದು 1955ರ 'ವೇಟಿಂಗ್ ಫಾರ್ ದಿ ಮಹಾತ್ಮ'. ಗಾಂಧಿ ಮಾಲ್ಗುಡಿಗೆ ಬರುತ್ತಾರೆ. ಪುರಸಭೆಯ ಅಧ್ಯಕ್ಷ ತನ್ನ ನೀಲ್ ಬಾಗ್ ಎಂಬ ಬಂಗಲೆಯನ್ನು ಸಿಂಗರಿಸಿ ಇಟ್ಟಿರುತ್ತಾನೆ. ಗಾಂಧಿ ಅಲ್ಲಿ ಕಸಗುಡಿಸುವವರ ಹುಡುಗನೊಬ್ಬನನ್ನು ಮಗ್ಗಲಲ್ಲಿ ಕೂಡಿಸಿಕೊಂಡು ಹಣ್ಣು ಕೊಟ್ಟು, ಕಡೆಗೆ ಬಂಗಲೆ ಬಿಟ್ಟು ಹೊಳೆದಂಡೆಯ ಅವರ ಗುಡಿಸಲಿಗೆ ಇಳಿದುಕೊಳ್ಳಲು ಹೋಗುತ್ತಾರೆ. ಊರಿನ ದೊಡ್ಡವರೆಲ್ಲ ಅತ್ತ ಓಡುತ್ತಾರೆ. ಬಂಗಲೆ ಒಂದು ಕಡೆ, ಗುಡಿಸಲು ಒಂದು ಕಡೆ: ನಾರಾಯಣ್ ಇಷ್ಟು ಸ್ಪಷ್ಟವಾಗಿ ಎರಡು ಮನೆಗಳನ್ನು ಎದುರುಬದುರು ಇಟ್ಟದ್ದು ಅಪರೂಪ. ಆದರೆ ಗಾಂಧಿ ಊರು ಬಿಟ್ಟ ಮೇಲೆ ಕಾದಂಬರಿಯೂ ಗುಡಿಸಲು ಬಿಟ್ಟು ಶ್ರೀರಾಮ, ಭಾರತಿಯರ ಪ್ರೇಮದ ಹಿಂದೆ ಹೋಗುತ್ತದೆ. ಹಣ್ಣು ತಿಂದ ಹುಡುಗ ಮುಂದೆ ಏನಾದ ಎಂದು ಕೇಳುವವರಿಲ್ಲ. ದೊಡ್ಡವರು ಬಂದಾಗ ಕೇರಿಗೆ ಸುಣ್ಣ, ಹೋದಾಗ ಮತ್ತೆ ಕತ್ತಲೆ. ಇದು ನಮಗೆ ಗೊತ್ತಿಲ್ಲದ್ದೇನಲ್ಲ.

ಇಷ್ಟಾದರೂ ಈ ಲೇಖಕನನ್ನು ನಾವು ಕಿತ್ತೊಗೆಯುವುದಿಲ್ಲ. ರಾಜ್ಯಸಭೆಗೆ ನಾಮಕರಣಗೊಂಡು ಹೋದಾಗ ಅವರು ಶಾಲೆಯ ಮಕ್ಕಳ ಚೀಲದ ಭಾರದ ಬಗ್ಗೆ ಮಾತಾಡಿದರು. ಹಳ್ಳಿಯ ಮಾಸ್ತರರು ಅದನ್ನು ನೆನೆಯಲಿ. ಚೀಲವೇ ಇಲ್ಲದ ಮಕ್ಕಳ ಮಾತನ್ನು ಅದಕ್ಕೆ ನಾವು ಸೇರಿಸೋಣ. ಮೇಲ್ಜಾತಿಯ, ಮಧ್ಯಮ ವರ್ಗದ ಪಡಸಾಲೆಯಿಂದ ಎಷ್ಟು ದೂರ ಕಾಣುತ್ತದೋ ಅಷ್ಟನ್ನು ನಾರಾಯಣ್ ಸುಳ್ಳಿಲ್ಲದೆ ಬರೆದರು. ಅವರ ಮನೆ ಉಳಿಯಲಿ. ಆದರೆ ಅದು ಬರೀ ಅವರ ಬಟ್ಟೆಬರೆ, ಫೋಟೋ, ಪುಸ್ತಕ ತೋರಿಸುವ ಗಾಜಿನ ಪೆಟ್ಟಿಗೆಯಾಗಿ ಉಳಿದರೆ ಸಾಲದು. ಯಾದವಗಿರಿಯ ಆ ಕೋಣೆಗಳಲ್ಲಿ ಮೈಸೂರಿನ ಪೌರಕಾರ್ಮಿಕರ ಮಕ್ಕಳು ಕೂತು ಓದುವಂತಾದರೆ, ಆ್ಯಂಡರ್ಸನ್ ಲೇನಿನ ನಲ್ಲಿಯ ಬಗ್ಗೆ, ಹೊಳೆದಂಡೆಯ ಗುಡಿಸಲಿನ ಬಗ್ಗೆ ಅವರೇ ಮಾತಾಡುವಂತಾದರೆ, ಕೊಟ್ಟ ದುಡ್ಡು ಸಾರ್ಥಕ.

5

ಈಗ ಹಂಪಿ. ವಿರೂಪಾಕ್ಷ ಗುಡಿಯ ಮುಂದಿನ ಸಾಲು ಮಂಟಪಗಳ ಬೀದಿಯಲ್ಲಿ ದಶಕಗಳಿಂದ ಜನ ಸಂಸಾರ ಮಾಡಿಕೊಂಡಿದ್ದರು. ಮಂಟಪಕ್ಕೆ ಗೋಡೆ ಹಾಕಿ ಮನೆ, ಮುಂದೆ ಚಾದಂಗಡಿ, ಖಾನಾವಳಿ, ಪುಸ್ತಕ ಮಾರುವ ಪೆಟ್ಟಿಗೆ, ಯಾತ್ರಿಕರಿಗೆ ಕೋಣೆ. 2011ರ ಜುಲೈ 29ರಂದು ಬುಲ್‌ಡೋಜರು ಬಂತು. ಜನರಿಗೆ ಸಾಮಾನು ಎತ್ತಲು ಒಂದು ದಿನದ ಪುರಸೊತ್ತೂ ಸಿಗಲಿಲ್ಲ. ನೆಲೆ ತಪ್ಪಿದವರಿಗೆ ಕಡ್ಡಿರಾಂಪುರದ ಕಡೆ ಜಾಗ ತೋರಿಸಿದರು. ಗುಡಿಗೆ ಬರುವ ಮಂದಿಯನ್ನು ನಂಬಿದ ಅಂಗಡಿಯನ್ನು ಮಂದಿಯೇ ಇಲ್ಲದ ಕಡೆ ಇಟ್ಟು ಬದುಕು ಅಂದರೆ ಹ್ಯಾಂಗ ಬದುಕೂದು?

ಮಂಟಪಕ್ಕೆ ಗೋಡೆ ಹಾಕಿದ್ದು ಸುಳ್ಳಲ್ಲ. ಹಳೆಯ ಕಂಬಗಳಿಗೆ ಪೆಟ್ಟಾಗಿದ್ದೂ ಸುಳ್ಳಲ್ಲ. 1986ರಿಂದ ಹಂಪಿ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ, ಅದನ್ನು ಕಾಯುವುದು ಎಲ್ಲರ ಕೆಲಸ. ನಮ್ಮ ತಕರಾರು ಕಾಯುವುದರ ಮೇಲಲ್ಲ, ಕಾಯುವ ರೀತಿಯ ಮೇಲೆ. ಯಾದವಗಿರಿಯಲ್ಲಿ ಮಾಲೀಕರ ಜೊತೆ ಮಾತುಕತೆಯಾಯಿತು, ಬೆಲೆ ಕಟ್ಟಿದರು, ಕೋಟಿ ಲೆಕ್ಕದಲ್ಲಿ ದುಡ್ಡು ಕೊಟ್ಟರು. ಅದೆಲ್ಲ ಸರಿಯಾದ ದಾರಿಯೇ. ಆ ದಾರಿ ಹಂಪಿಯಲ್ಲಿ ಯಾಕೆ ಮುಚ್ಚಿತ್ತು? ಬಜಾರು ಎಂದೇ ಹೆಸರಿರುವ ಬೀದಿಯಲ್ಲಿ ವ್ಯಾಪಾರ ಮಾಡಿದ ಬಡವ ಒತ್ತುವರಿದಾರನಾದ. ವಿಜಯನಗರದ ಕಾಲದಲ್ಲಿ ಅಲ್ಲಿ ವ್ಯಾಪಾರ ಮಾಡಿದವನು ಇತಿಹಾಸವಾದ. ಸತ್ತ ವ್ಯಾಪಾರಿಗೆ ಮರ್ಯಾದೆ, ಬದುಕಿದ ವ್ಯಾಪಾರಿಗೆ ಬುಲ್‌ಡೋಜರು.

ಇದು ದೂರದ ಮಾತಲ್ಲ. ನಮ್ಮ ಕಲಬುರಗಿಯ ಕೋಟೆಯೊಳಗೂ ಕುಟುಂಬಗಳು ಬಹುಕಾಲದಿಂದ ನೆಲೆಸಿದವು. 1347ರಲ್ಲಿ ಬಹಮನಿ ರಾಜ್ಯ ಹುಟ್ಟಿದ ಊರಿನ ಕೋಟೆ ಅದು, 1367ರ ಜಾಮಿಯಾ ಮಸೀದಿ ಅದರೊಳಗಿದೆ. ಕೋಟೆಯೊಳಗಿನ ಬಡವರು ಖಾಲಿ ಮಾಡಿ ಎಂಬ ಮಾತು ಕೇಳುತ್ತಲೇ ಬಾಳಿದವರು. ಇನ್ನು ಕೇಂದ್ರ ಪುರಾತತ್ವ ಇಲಾಖೆಯ ಸ್ಮಾರಕಗಳ ಸುತ್ತಲಿನವರ ಪಾಡು ನೋಡಿ. 1958ರ ಕಾಯಿದೆಗೆ 2010ರಲ್ಲಿ ತಿದ್ದುಪಡಿಯಾಗಿ, ಸ್ಮಾರಕದ ಗಡಿಯಿಂದ 100 ಮೀಟರ್ ತನಕ ಹೊಸ ಕಟ್ಟಡಕ್ಕೆ ನಿಷೇಧ ಬಂತು. ಅದರಾಚೆ ಇನ್ನೂ 200 ಮೀಟರ್ ತನಕ ಕಟ್ಟಲಿಕ್ಕೆ ಅನುಮತಿ ಬೇಕು. ರಿಪೇರಿಗೂ ಅರ್ಜಿ ಹಾಕಬೇಕು. ಕಾಯಿದೆ ಬೇಕು, ಇಲ್ಲದಿದ್ದರೆ ಗುಂಬಜಿನ ಕುತ್ತಿಗೆಗೇ ಲಾಡ್ಜು ಏಳುತ್ತದೆ. ಆದರೆ ಇದರ ಭಾರ ಯಾರ ತಲೆಯ ಮೇಲೆ ಬೀಳುತ್ತದೆ? ವಕೀಲರನ್ನು ಹಿಡಿಯಬಲ್ಲವನು ಅನುಮತಿ ತರುತ್ತಾನೆ. ಮಳೆಗೆ ಸೋರುವ ಮಾಳಿಗೆಗೆ ತಗಡು ಹೊದಿಸಬೇಕಾದ ಮುದುಕಿ ಯಾವ ಕಚೇರಿಯ ಬಾಗಿಲು ಬಡಿಯಬೇಕು?

6

ಪರಂಪರೆಯ ಮನೆಗಳ ಜಗಳ ಮೇಲ್ಜಾತಿಯವರ ಒಳಜಗಳ ಎಂದುಕೊಂಡ ಗೆಳೆಯರಿಗೆ ಮುಂಬಯಿಯ ದಾದರನ್ನು ನೆನಪಿಸಬೇಕು. ಅಲ್ಲಿನ ಅಂಬೇಡ್ಕರ್ ಭವನದಲ್ಲಿ ಬಾಬಾಸಾಹೇಬರ ಬುದ್ಧ ಭೂಷಣ ಮುದ್ರಣಾಲಯವಿತ್ತು. ಅಚ್ಚುಮೊಳೆ ಜೋಡಿಸಿ ನಮ್ಮವರ ಪತ್ರಿಕೆ ಹೊರತಂದ ಜಾಗ. 2016ರ ಜೂನ್ 25ರ ನಸುಕಿನಲ್ಲಿ, ಊರು ಏಳುವ ಮೊದಲೇ, ಅದನ್ನು ಕೆಡವಿದರು. ಕೆಡವಿಸಿದ್ದು ಹೊರಗಿನ ವೈರಿಯಲ್ಲ, ಅಂಬೇಡ್ಕರ್ ಅವರೇ ಸ್ಥಾಪಿಸಿದ ಟ್ರಸ್ಟಿನ ಆಡಳಿತ ಹಿಡಿದವರು. ಕಟ್ಟಡ ಶಿಥಿಲವಾಗಿದೆ, ಆ ಜಾಗದಲ್ಲಿ 17 ಅಂತಸ್ತಿನ ಭವನ ಎಬ್ಬಿಸುತ್ತೇವೆ ಎಂಬುದು ಅವರ ವಾದ. ಜುಲೈ 19ರಂದು ಮುಂಬಯಿಯ ಬೀದಿಗಳಲ್ಲಿ ನೀಲಿ ಬಾವುಟ ಹಿಡಿದ ಜನಸಾಗರ ಹರಿಯಿತು.

ಆ ಸಿಟ್ಟನ್ನು ನಾವು ಅರ್ಥ ಮಾಡಿಕೊಳ್ಳಬೇಕು. ಕೇಳದೆ, ಕತ್ತಲಲ್ಲಿ ಕೆಡವಿದ್ದು ಬೇಡವಾಗಿತ್ತು. ಹಂಪಿಯಲ್ಲಿ ಪರಂಪರೆಯ ಹೆಸರು, ದಾದರಿನಲ್ಲಿ ಪ್ರಗತಿಯ ಹೆಸರು. ಹೆಸರು ಯಾವುದಾದರೇನು, ಎರಡೂ ಕಡೆ ಜನರನ್ನು ಕೇಳಲಿಲ್ಲ.

ಇಕ್ಕಟ್ಟಿನ ಮನೆಯ ಬಗ್ಗೆಯೂ ಮುಂಬಯಿ ನಮಗೆ ಪಾಠ ಹೇಳುತ್ತದೆ. 1896ರ ಪ್ಲೇಗಿನ ನಂತರ, 1898ರಲ್ಲಿ, ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್ ಹುಟ್ಟಿತು. ಕೆಲಸಗಾರರಿಗೆ ಅದು ಕಟ್ಟಿದ ಚಾಳುಗಳಲ್ಲಿ ಒಂದೊಂದು ಕೋಣೆಗೆ ಒಂದೊಂದು ಸಂಸಾರ, ಅಂತಸ್ತಿಗೆಲ್ಲ ಕೂಡಿ ನಲ್ಲಿ, ಕಕ್ಕಸು. ಪರೇಲಿನ ಇಂಥ ಚಾಳಿನ ಎರಡು ಕೋಣೆಗಳಲ್ಲಿ ಅಂಬೇಡ್ಕರ್ 1912ರಿಂದ 1934ರವರೆಗೆ ನೆಲೆ ಮಾಡಿದ್ದರು. 1927ರ ಮಹಾಡದ ಕೆರೆಯ ಸತ್ಯಾಗ್ರಹಕ್ಕೆ, 1930ರ ದುಂಡುಮೇಜಿನ ಪರಿಷತ್ತಿಗೆ ಅವರು ಹೊರಟದ್ದು ಆ ಚಾಳಿನಿಂದ. ಪುಸ್ತಕಗಳಿಗೆ ಜಾಗ ಬೇಕೆಂದು ರಾಜಗೃಹ ಕಟ್ಟಿಸಿದ್ದು ಆಮೇಲೆ. ಹಾಗಾದರೆ ಐತಿಹಾಸಿಕ ಮನೆ ಯಾವುದು? ರಾಜಗೃಹವೋ, ಚಾಳಿನ ಎರಡು ಕೋಣೆಯೋ? ಎರಡೂ. ಮಂದಿ ಒತ್ತೊತ್ತಾಗಿ ಇರುವುದೇ ಅವಮಾನವೆಂದು, ಮರಗಳ ನಡುವಿನ ಒಂಟಿ ಬಂಗಲೆಯೇ ಸಂಸ್ಕೃತಿಯೆಂದು ತಿಳಿಯುವ ಪರಂಪರೆಯ ಪ್ರೇಮಿಗಳು ಈ ಚಾಳಿನ ಮುಂದೆ ನಿಂತು ಯೋಚಿಸಲಿ. ಒತ್ತಾಗಿ ಮನೆ ಕಟ್ಟುವುದಕ್ಕೆ ನಾವು ವಿರೋಧಿಗಳಲ್ಲ. ಮನೆಯಿಲ್ಲದವರಿಗಾಗಿ, ನೀರು ಗಾಳಿ ಬೆಳಕಿನೊಂದಿಗೆ, ಅವರ ಕೆಲಸದ ಹತ್ತಿರ ಕಟ್ಟುವುದಾದರೆ ನಾವೇ ಮೊದಲು ಕಲ್ಲು ಹೊರುತ್ತೇವೆ.

7

ಇನ್ನು ನಮ್ಮ ಊರುಗಳ ಮಾತು. ಭೀಮಾ ದಂಡೆಯ ಹಳ್ಳಿಗಳಲ್ಲಿ ಗೌಡರ, ದೇಸಾಯರ, ದೇಶಮುಖರ ವಾಡೆಗಳಿವೆ. ಎತ್ತರದ ಕಲ್ಲಿನ ಬಾಗಿಲು, ಗಾಡಿ ಹೋಗುವಷ್ಟು ಅಗಲ. ಆ ಬಾಗಿಲಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ನಿಂತವರು ನಮ್ಮ ಹಿರಿಯರು. ಎಷ್ಟೋ ವಾಡೆಗಳ ವಾರಸುದಾರರು ಇಂದು ಪುಣೆ, ಹೈದರಾಬಾದು ಸೇರಿದ್ದಾರೆ. ಗೋಡೆ ಬಿರುಕು ಬಿಟ್ಟಿದೆ, ಅಂಗಳದಲ್ಲಿ ಜಾಲಿ ಬೆಳೆದಿದೆ. ನಾಳೆ ಪ್ಲಾಟು ಹಾಕುವವನು ಅಲ್ಲಿಗೂ ಬರುತ್ತಾನೆ. ಆಗ ಊರಿನಲ್ಲಿ ಎರಡು ಪಂಗಡವಾಗುತ್ತದೆ. ಒಂದು ಪಂಗಡ 'ನಮ್ಮ ಊರಿನ ವೈಭವ' ಅಂತ ಅಳುತ್ತದೆ. ಇನ್ನೊಂದು 'ಹಾಳಾಗಿ ಹೋಗಲಿ' ಅನ್ನುತ್ತದೆ.

ನಾವು ಹೇಳುವುದು: ವಾಡೆ ನಿಲ್ಲಲಿ, ಆದರೆ ಪೂರ್ತಿ ಕಥೆ ಹೇಳಲಿ. ಅದರ ಕಲ್ಲು ಹೊತ್ತವರು ಯಾರು, ಬಿಟ್ಟಿ ದುಡಿದವರು ಯಾರು, ಬಾಗಿಲ ಹೊರಗೆ ನಿಂತವರು ಯಾರು ಎಂಬುದು ಆ ಗೋಡೆಯ ಮೇಲೆ ಬರಲಿ. ಕೆಡವಿದರೆ ದಬ್ಬಾಳಿಕೆಯ ಸಾಕ್ಷಿಯೂ ಹೋಗುತ್ತದೆ. ಸಾಕ್ಷಿ ಅಳಿಸುವುದರಿಂದ ಲಾಭ ನಮಗಲ್ಲ.

ವಾಡೆಯ ಜೊತೆಗೆ ಕೇರಿಯನ್ನೂ ಬರೆದಿಡಬೇಕು. ನಮ್ಮ ಮಣ್ಣಿನ ಮಾಳಿಗೆ ಮನೆಗಳು ಯಾವ ಪಟ್ಟಿಗೂ ಬರುವುದಿಲ್ಲ. ಅವು ಪ್ರತಿ ಮಳೆಗೆ ಕರಗುತ್ತವೆ. 2020ರ ಅಕ್ಟೋಬರಿನಲ್ಲಿ ಭೀಮಾ ಉಕ್ಕಿದಾಗ ಅಫಜಲಪುರ ತಾಲ್ಲೂಕಿನ ದಂಡೆಯ ಹಳ್ಳಿಗಳಿಗೆ ನೀರು ನುಗ್ಗಿತು. ಕಲ್ಲಿನ ಮನೆ ತಡೆದೀತು, ಮಣ್ಣಿನ ಮನೆ ತಡೆಯಲಿಲ್ಲ. ಬಿದ್ದ ಮಣ್ಣಿನ ಗೋಡೆಯ ಜೊತೆ ಏನೇನು ಹೋಯಿತು? ಹಾಡುವ ಮುದುಕಿಯರು ಕೂತ ಕಟ್ಟೆ, ಮೊದಲ ಸಲ ಬಾಬಾಸಾಹೇಬರ ಫೋಟೋ ಗೂಟಕ್ಕೆ ತೂಗಿದ ಗೋಡೆ, ಚಿಮಣಿ ದೀಪದ ಮುಂದೆ ಹುಡುಗನೊಬ್ಬ ಮೆಟ್ರಿಕ್ಕಿಗೆ ಓದಿದ ಮೂಲೆ. ಇವು ಇತಿಹಾಸವಲ್ಲ ಎಂದು ಯಾರು ಹೇಳಬೇಕು? ಪರಿಹಾರದ ಅರ್ಜಿಯಲ್ಲಿ 'ಭಾಗಶಃ ಹಾನಿ', 'ಪೂರ್ಣ ಹಾನಿ' ಎಂಬ ಎರಡು ಮಾತಿನಲ್ಲಿ ಇದೆಲ್ಲ ಹಿಡಿಯುವುದಿಲ್ಲ.

ಆದ್ದರಿಂದ ಮನೆ ಉಳಿಸುವ, ಮನೆ ಕೆಡವುವ ಜಗಳ ಎಲ್ಲಿ ಎದ್ದರೂ ನಾಲ್ಕು ಪ್ರಶ್ನೆ ಕೇಳೋಣ. ಒಂದು, ಈಗ ಆ ಜಾಗದಲ್ಲಿ ಯಾರಿದ್ದಾರೆ, ಅವರನ್ನು ಕೇಳಿದರೇ? ಎರಡು, ಹೊಸದಾಗಿ ಕಟ್ಟಿದರೆ ಅದರೊಳಗೆ ಯಾರು ಇರುತ್ತಾರೆ, ಆ ಬೆಲೆ ಯಾರ ಕೈಗೆ ಎಟುಕುತ್ತದೆ? ಮೂರು, ಉಳಿಸಿದರೆ ಅದರ ಬಾಗಿಲು ಯಾರಿಗೆ ತೆರೆದಿರುತ್ತದೆ? ನಾಲ್ಕು, ನೆಲೆ ಕಳೆದುಕೊಳ್ಳುವವನಿಗೆ ಕಾಲಾವಕಾಶ, ಬೆಲೆ, ಬದಲಿ ಜಾಗ ಮೊದಲೇ ಸಿಕ್ಕಿತೇ? ಈ ನಾಲ್ಕಕ್ಕೆ ಉತ್ತರ ಕೊಡದ ಬಿಲ್ಡರನ್ನು ನಾವು ವಿರೋಧಿಸುತ್ತೇವೆ. ಉತ್ತರ ಕೊಡದ ಪರಂಪರೆ ಸಮಿತಿಯನ್ನೂ ವಿರೋಧಿಸುತ್ತೇವೆ. ಯಾದವಗಿರಿಯ ಒಂದು ಮನೆಗೆ ಸಿಕ್ಕ ತಾಳ್ಮೆ, ಸಿಕ್ಕ ದುಡ್ಡು, ಸಿಕ್ಕ ಮರ್ಯಾದೆ ಹಂಪಿ ಬಜಾರಿನಂಥ ಬೀದಿಗೂ, ಕಲಬುರಗಿಯ ಕೋಟೆಯೊಳಗಿನ ಸಂಸಾರಕ್ಕೂ ಸಿಗಬೇಕು. ಇದು ನಮ್ಮ ಬೇಡಿಕೆ.

ಹಳ್ಳಿಯ ಮಾಸ್ತರರಿಗೆ, ಹಾಸ್ಟೆಲಿನ ತಮ್ಮಂದಿರಿಗೆ, ತಂಗಿಯರಿಗೆ ಒಂದು ಕೆಲಸ ಹೇಳುತ್ತೇವೆ. ನಿಮ್ಮ ಊರಿನ ಮನೆಗಳ ಪಟ್ಟಿ ಮಾಡಿ. ವಾಡೆಯಿಂದ ಶುರು ಮಾಡಿ ಕೇರಿಯ ಕೊನೆಯ ಗುಡಿಸಲಿನ ತನಕ ಬರ್ರಿ. ಯಾರು ಕಟ್ಟಿದರು, ಯಾರು ಇದ್ದರು, ಯಾವ ಮಳೆಗೆ ಬಿತ್ತು, ಯಾರು ಬಿಟ್ಟು ಹೋದರು ಎಂದು ಮುದುಕರನ್ನು ಕೇಳಿ ಬರೆಯಿರಿ. ಪಟ್ಟಿಯ ಒಂದು ಪ್ರತಿ ಪಂಚಾಯಿತಿಗೆ ಕೊಡಿ, ಒಂದು ಪ್ರತಿ ನಮಗೆ ಕಳಿಸಿ. ಮುಂದಿನ ಸಂಚಿಕೆಗಳಲ್ಲಿ ಅಚ್ಚು ಹಾಕೋಣ.